ಹಮಾಮಿನಿಂದ ರಂಗದವರೆಗೆ

2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯದ ಮುಂಭಾಗದಲ್ಲಿ ಉದ್ದನೆಯ ಬಟ್ಟೆಯೊಂದು ತೂಗಿತು. ಆ ಕಟ್ಟಡದ ಹಣೆಯ ಕಲ್ಲಿನಲ್ಲಿ ಹೋಮರ್, ಪ್ಲೇಟೋ, ಅರಿಸ್ಟಾಟಲ್, ಸಿಸೆರೋ ಹೀಗೆ ಗಂಡಸರ ಹೆಸರುಗಳನ್ನೇ ಕೆತ್ತಲಾಗಿದೆ. ಬಟ್ಟೆಯ ಮೇಲಿದ್ದದ್ದು ಬೇರೆ ಎಂಟು ಹೆಸರು. ಟೋನಿ ಮಾರಿಸನ್, ಮಾಯಾ ಏಂಜೆಲೋ, ಜೋರಾ ನೀಲ್ ಹರ್ಸ್ಟನ್, ಗ್ಲೋರಿಯಾ ಆನ್ಸಾಲ್ಡುವಾ ಅಂಥವರ ಸಾಲಿನಲ್ಲಿ ಎ. ರೇವತಿ ಎಂಬ ಹೆಸರೂ ಇತ್ತು. ಅಲ್ಲೇ ಎನ್‌ಟೊಜಾಕೆ ಶಾಂಗೆಯ ಹೆಸರೂ ಇತ್ತು. 1976ರಲ್ಲಿ ಏಳು ಬಣ್ಣದ ಉಡುಪಿನ ಏಳು ಕಪ್ಪು ಹೆಂಗಸರನ್ನು ಬ್ರಾಡ್‌ವೇ ರಂಗಕ್ಕೆ ತಂದು, ಅವರ ನೋವನ್ನು ಅವರ ಬಾಯಿಂದಲೇ ಕುಣಿಸಿ ನುಡಿಸಿದ ಕವಿ ಆಕೆ.

ಅಷ್ಟು ದೂರ ಹೋದ, ಹಿಜ್ರಾ ಲೇಖಕಿ ರೇವತಿಯವರ ಹೆಸರಿಗೆ ಬೆಂಗಳೂರಿನ ಹಮಾಮುಗಳ ಹೊಗೆಯ ವಾಸನೆಯಿದೆ.

1809ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ಬ್ರಿಟಿಷರ ದಂಡು ಬಂದು ಬೀಡುಬಿಟ್ಟಿತು. ಮದ್ರಾಸ್ ಸೇನೆಯ ಬೆನ್ನಿಗೆ ತಮಿಳು ಮಾತಾಡುವ ದುಡಿಮೆಗಾರರೂ ಬಂದರು. ಇಂದಿಗೂ ಹಲಸೂರಿನ ಬೀದಿಗಳಲ್ಲಿ ತಮಿಳು, ಶಿವಾಜಿನಗರದಲ್ಲಿ ದಖನಿ ಉರ್ದು ಕೇಳಿಸುತ್ತದೆ. ತಮಿಳುನಾಡಿನ ಹಳ್ಳಿಗಳಲ್ಲಿ ಹೊಡೆತ ತಾಳಲಾರದೆ ಮನೆ ಬಿಟ್ಟವರಿಗೆ ಈ ಊರಿನಲ್ಲಿ ಮಾತಿಗೆ ಬರವಿರಲಿಲ್ಲ. ಇರಲು ಜಾಗ ಕೊಟ್ಟದ್ದು ಹಿಜ್ರಾಗಳು ನಡೆಸುತ್ತಿದ್ದ ಹಮಾಮು. ಒಲೆ ಉರಿಸಿ ನೀರು ಕಾಯಿಸಿ, ದುಡಿದು ಬಂದ ಗಂಡಸರಿಗೆ ಕಾಸಿಗೆ ಬಿಸಿನೀರಿನ ಸ್ನಾನ ಮಾಡಿಸುವ ಮನೆ ಅದು. ಅಲ್ಲೇ ಮೈಮಾರಿ ಬದುಕುವವರೂ ಇದ್ದರು. ಗುರು, ಚೇಲಾ ಎಂಬ ಶಿಷ್ಯೆ, ಜಮಾತ್ ಎಂಬ ಹಿಜ್ರಾ ಪಂಚಾಯಿತಿ, ಇವುಗಳ ಕಟ್ಟುಪಾಡಿನೊಳಗೆ ಊಟ ಸಿಗುತ್ತಿತ್ತು, ತಾಯಿ ಅನ್ನಿಸಿಕೊಳ್ಳುವವರು ಸಿಗುತ್ತಿದ್ದರು. ಹೊರಗೆ ಪೊಲೀಸರ ಲಾಠಿ, ಗೂಂಡಾಗಳ ಕಾಟ.

ರೇವತಿ ಹುಟ್ಟಿದ್ದು ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ, ಗಂಡು ಮಗುವೆಂದು ಹೆಸರಿಡಿಸಿಕೊಂಡು. ಊರಿನ ಮಾರಿಯಮ್ಮನ ಹಬ್ಬದಲ್ಲಿ ಕುರತ್ತಿಯ, ಅಂದರೆ ಕೊರವಂಜಿಯ, ವೇಷ ಹಾಕಿ ಕುಣಿದಾಗ, ಥೇಟ್ ಹುಡುಗಿಯ ಹಾಗೇ ಇದ್ದಾನೆ ಎಂದು ಜನ ಮೆಚ್ಚಿದರು. ಅದು ವೇಷವೆಂದು ಉಳಿದವರಿಗೆ ಅನ್ನಿಸಿತು. ರೇವತಿಗೆ ಮಾತ್ರ ದಿನದ ಅಂಗಿ ಚಡ್ಡಿಯೇ ವೇಷವೆಂದು ತೋರಿತು. ಹಬ್ಬದ ರಾತ್ರಿ ಚಪ್ಪಾಳೆ ತಟ್ಟಿದ ಅದೇ ಊರು, ಅದೇ ಮನೆ ಬೆಳಗಾದರೆ ಹೊಡೆಯುತ್ತಿತ್ತು. ಬೆಂಗಳೂರೂ ಹೀಗೇ ಅಲ್ಲವೇ? ಕರಗದ ರಾತ್ರಿ ಸೀರೆ ಉಟ್ಟು ಬಳೆ ತೊಟ್ಟು ಬರುವ ಪೂಜಾರಿಯನ್ನು ಸಾಕ್ಷಾತ್ ದ್ರೌಪದಿಯೆಂದು ಕೈಮುಗಿಯುವ ಊರು, ಸಿಗ್ನಲ್ಲಿನಲ್ಲಿ ಹಿಜ್ರಾಗಳ ಚಪ್ಪಾಳೆ ಕೇಳಿಸಿದರೆ ಕಾರಿನ ಗಾಜು ಏರಿಸುತ್ತದೆ.

ಈ ಇಬ್ಬಗೆಗೆ ಕಾನೂನಿನ ಬೆಂಬಲವೂ ಇತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಎರಡನೇ ಭಾಗ ಹಿಜ್ರಾಗಳ ಪಟ್ಟಿ ಮಾಡಲು ಹೇಳಿತು. ಪಟ್ಟಿಗೆ ಸೇರಿದವರು ಹೆಣ್ಣುಡುಗೆ ಉಟ್ಟು ಬೀದಿಗೆ ಬಂದರೆ, ಜನರೆದುರು ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷದವರೆಗೆ ಜೈಲು. ಹೊಟ್ಟೆಪಾಡಿನ ಕಲೆಯನ್ನೇ ಅಪರಾಧ ಮಾಡಿದ ಕಾನೂನು ಅದು. ಅದು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ಆದರೆ ಅದರ ಬುದ್ಧಿ ದಕ್ಷಿಣಕ್ಕೂ ಬಂತು, ಅದೂ ಸ್ವಾತಂತ್ರ್ಯ ಬಂದು ಆರು ದಶಕ ಕಳೆದ ಮೇಲೆ.

ಹಮಾಮಿನ ಬದುಕಿನಿಂದ ರೇವತಿ 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ ‘ಸಂಗಮ’ ಸಂಸ್ಥೆಗೆ ಸೇರಿದರು; ಮುಂದೆ ಅದರ ನಿರ್ದೇಶಕಿಯೂ ಆದರು. 2003ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಕೋತಿ (ಹೆಣ್ಣಿಗ ಸ್ವಭಾವದವರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಮೇಲಿನ ದೌರ್ಜನ್ಯದ ವರದಿ ತಂದಿತು. ಮರುವರ್ಷ ಜೂನ್‌ನಲ್ಲಿ, ಹಲಸೂರಿನಿಂದ ಕೆ.ಆರ್. ಪುರದತ್ತ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ಯುವ ಹಿಜ್ರಾ ಒಬ್ಬಳ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಎಸಗಿದರು. ರಕ್ಷಿಸಬೇಕಾದ ಪೊಲೀಸರೇ ಠಾಣೆಯಲ್ಲಿ ಆಕೆಯನ್ನು ಬೆತ್ತಲೆ ಮಾಡಿ ಹಿಂಸಿಸಿದರೆಂದು ಸಂಘಟನೆಗಳು ದಾಖಲಿಸಿ ಬೀದಿಗಿಳಿದವು. ಅದೇ 2004ರಲ್ಲಿ ರೇವತಿಯವರ ಚೇಲಾ, ಹೋರಾಟಗಾರ್ತಿ ಫಮೀಲಾ ತನ್ನ ಜೀವ ತಾನೇ ತೆಗೆದುಕೊಂಡಳು. ಚಳವಳಿಯೊಳಗಿದ್ದವರಿಗೂ ಮನಸ್ಸಿನ ಗಾಯಕ್ಕೆ ಮದ್ದು ಸಿಕ್ಕಿರಲಿಲ್ಲ.

ರೇವತಿ ಬರೆಯಲು ಕುಳಿತದ್ದು ಇಂಥ ವರ್ಷಗಳ ನಡುವೆ. ಮೊದಲು ಬರೆದದ್ದು ತನ್ನ ಕಥೆಯನ್ನಲ್ಲ. ತಮಿಳುನಾಡಿನ ಹಿಜ್ರಾಗಳ ಬಳಿ ಕುಳಿತು, ಅವರ ಮಾತು ಕೇಳಿ, ‘ಉಣರ್ವುಂ ಉರುವಮುಂ’ ಎಂಬ ಸಂಗ್ರಹ ತಂದರು. ಬೇರೆಯವರ ನೋವಿಗೆ ಕಿವಿಯಾದ ಮೇಲೆ ತನ್ನದನ್ನು ಹೇಳುವ ಬಲ ಬಂದಿರಬೇಕು. ಅವರ ಆತ್ಮಕಥೆ ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, 2011ರಲ್ಲಿ ತಮಿಳಿನಲ್ಲಿ ‘ವೆಳ್ಳೈ ಮೊಳಿ’ಯಾಗಿ ಬಂತು. ಕನ್ನಡಕ್ಕೆ ‘ಬದುಕು ಬಯಲು’ ಎಂದು ತಂದವರು ದಲಿತ ಲೇಖಕಿ, ರಂಗಕಲಾವಿದೆ ದು. ಸರಸ್ವತಿ. ಪೌರಕಾರ್ಮಿಕರ ಜೊತೆ ಬೀದಿಯಲ್ಲಿ ನಿಂತ, ‘ಸಣ್ಣತಿಮ್ಮಿ ರಾಮಾಯಣ’ದಲ್ಲಿ ಹಳ್ಳಿಯ ಹೆಣ್ಣುಮಗಳ ಬಾಯಲ್ಲಿ ರಾಮನ ಕಥೆಯನ್ನೇ ತಿರುಗಿ ಹೇಳಿಸಿದ ಸರಸ್ವತಿಯವರ ಕೈಗೇ ಈ ಪುಸ್ತಕ ಸಿಕ್ಕಿದ್ದು ಕನ್ನಡದ ಭಾಗ್ಯ.

ಆ 2011ರಲ್ಲೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಸಂಶಯಕ್ಕೊಳಗಾದ ಹಿಜ್ರಾಗಳ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸ್ ಕಮಿಷನರಿಗೆ ಕೊಟ್ಟಿತು. 1871ರ ನೆರಳು ಅದರ ಮೇಲೆ ಸ್ಪಷ್ಟವಾಗಿತ್ತು. ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ ಆ ಕಲಮಿನ ಮಾತು ಬದಲಾಯಿತು. ಒಬ್ಬ ಹಿಜ್ರಾ ತನ್ನ ಕಥೆಯನ್ನು ತಾನೇ ಅಚ್ಚು ಹಾಕಿಸಿದ ವರ್ಷವೇ ಸರ್ಕಾರವೂ ಅವಳ ಹೆಸರು ಬರೆದುಕೊಳ್ಳಲು ಪುಸ್ತಕ ತೆರೆದಿತ್ತು.

ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ್ ಅವರ ನಿರ್ದೇಶನದಲ್ಲಿ ‘ಬದುಕು ಬಯಲು’ ಪುಸ್ತಕವನ್ನು ನಾಟಕ ಮಾಡಿ ಊರೂರಿಗೆ ಒಯ್ದಿತು. ರೇವತಿಯವರೇ ರಂಗಕ್ಕೆ ಬಂದು ರೇವತಿಯಾದರು. ತಿಂದ ಏಟನ್ನು ಮತ್ತೆ ನೆನೆದು ಜನರೆದುರು ಆಡುವುದು ಗಾಯ ಕೆದಕಿದ ಹಾಗೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಠಾಣೆಯಲ್ಲಿ ಹೇಳಿದರೆ ನಗುವ, ಮನೆಯಲ್ಲಿ ಹೇಳಿದರೆ ಬಾಯಿ ಮುಚ್ಚಿಸುವ ಮಾತನ್ನು ತುಂಬಿದ ಸಭೆ ಅಲುಗಾಡದೆ ಕೇಳುವುದೇ ದೊಡ್ಡ ಸಾಂತ್ವನ. ನ್ಯಾಯದ ಕೆಲಸವೂ ಅಲ್ಲಿಂದಲೇ ಶುರುವಾಗುತ್ತದೆ.

ಬಳ್ಳಾರಿ ಸೀಮೆಯಲ್ಲಿ ಇದೇ ದಾರಿಯನ್ನು ಇನ್ನೊಬ್ಬರು ತುಳಿದಿದ್ದರು. ಬದುಕು ಬೇಡವೆಂದು ಸಾವಿನ ಬಾಗಿಲಿಗೆ ಹೋಗಿ ಬಂದ, ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯ ಬಳಿ ಎಲ್ಲಮ್ಮ ದೇವಿಯ ಕಥೆಯ ಆಟ ಕಲಿತು ರಂಗಕ್ಕೆ ಬಂದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ಅದೇ 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ತಂದಿತು. ದೇಶದಲ್ಲೇ ಇದು ಮೊದಲು.

ರೇವತಿ ಎ. ಮಂಗೈ ನಿರ್ದೇಶನದ ‘ವೆಳ್ಳೈ ಮೊಳಿ’ ನಾಟಕವನ್ನು ಒಬ್ಬರೇ ಆಡಿದ್ದಾರೆ. ಮಾರಿಯಮ್ಮನ ಹಬ್ಬದ ಕುರತ್ತಿ, ಹೊಡೆಯುವ ಅಣ್ಣ, ಗುರು, ಪೊಲೀಸ್, ಎಲ್ಲರ ಮಾತೂ ಒಂದೇ ಮೈಯಿಂದ ಬರಬೇಕು.