ಐದು ಅಕ್ಷರ, ಇಪ್ಪತ್ತು ಸ್ವರ: ಇಂಗ್ಲಿಷ್ ಸ್ಪೆಲ್ಲಿಂಗ್ ಪಾಠದ ಚರಿತ್ರೆ

ಇಂಗ್ಲಿಷ್ ವರ್ಣಮಾಲೆಯಲ್ಲಿ ಸ್ವರಗಳಿಗೆಂದು ಇರುವುದು ಐದೇ ಅಕ್ಷರ. ದಕ್ಷಿಣ ಇಂಗ್ಲೆಂಡಿನವರ ಮಾತಿನಲ್ಲಿ ಸ್ವರಧ್ವನಿಗಳು ಸುಮಾರು ಇಪ್ಪತ್ತು. ಈ ಕೊರತೆಯನ್ನು ಜೋಡಿ ಅಕ್ಷರಗಳಿಂದಲೂ ಉಚ್ಚಾರವಿಲ್ಲದ ಅಕ್ಷರಗಳಿಂದಲೂ ಹೇಗೋ ತುಂಬಿಸಿಕೊಂಡು ಬರಲಾಗಿದೆ. ಅದನ್ನು ಮಕ್ಕಳಿಗೆ ಕಲಿಸುವ ದಾರಿ ಯಾವುದೆಂಬ ಜಗಳ ನಾಲ್ಕು ಶತಮಾನಕ್ಕೂ ಹಳೆಯದು. ಪದ್ಧತಿ ಮತ್ತೆ ಮತ್ತೆ ಬದಲಾಗಿದ್ದರಿಂದ, ಮಗುವಿನ ಪುಸ್ತಕ ತೆರೆದ ತಂದೆ-ತಾಯಿಗೆ ತಾವು ಕಲಿತ ಪಾಠ ಅಲ್ಲಿ ಸಿಗುವುದು ಅಪರೂಪ.

ತೊಡಕಿನ ಬೇರು ಶಾಲೆಯಲ್ಲಿಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಉಚ್ಚಾರಸ್ಥಾನ ಬಿಟ್ಟು ಸರಿದವು. ಭಾಷಾಶಾಸ್ತ್ರಜ್ಞರು ಇದನ್ನು ಮಹಾ ಸ್ವರಪಲ್ಲಟ ಎನ್ನುತ್ತಾರೆ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದಾಗ ಈ ಪಲ್ಲಟ ಇನ್ನೂ ನಡೆದಿತ್ತು. ಅಚ್ಚಿನ ಮೊಳೆಗಳಲ್ಲಿ ಬರಹ ಒಂದು ರೂಪಕ್ಕೆ ನಿಲ್ಲತೊಡಗಿತು, ಮಾತು ಮುಂದೆ ಹೋಯಿತು. ಇವತ್ತಿನ ‘ನೇಮ್’ ಎಂಬ ಪದ ಚಾಸರ್ ಕವಿಯ ಕಾಲದಲ್ಲಿ ಎರಡು ಉಚ್ಚಾರಾಂಶದ್ದು. ಮೊದಲ ಸ್ವರ ನಮ್ಮ ‘ಆ’ಕಾರಕ್ಕೆ ಹತ್ತಿರವಿತ್ತು, ಕೊನೆಯ ಅಕ್ಷರಕ್ಕೂ ಉಚ್ಚಾರವಿತ್ತು. ‘ಮ್ಯಾಟ್’ನಲ್ಲಿರುವುದು ಹ್ರಸ್ವ, ‘ಮೇಟ್’ನಲ್ಲಿರುವುದು ಅದರ ದೀರ್ಘ ಎಂದು ಇಂದಿನ ತರಗತಿಯಲ್ಲಿ ಹೇಳಿದರೆ, ಅ-ಆ ಎಂದು ಮಾತ್ರೆ ಎಣಿಸಿ ಕಲಿತವರಿಗೆ ಅರ್ಥವಾಗುವುದಿಲ್ಲ. ಒಂದನ್ನು ಎಷ್ಟು ಎಳೆದರೂ ಇನ್ನೊಂದು ಆಗದು. ಆರು ಶತಮಾನದ ಹಿಂದೆ ಹ್ರಸ್ವ, ದೀರ್ಘ ಎಂಬ ಈ ಹೆಸರುಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು.

‘ನೇಮ್’ ಪದದ ಕೊನೆಯ ಆ ‘ಇ’ ಅಕ್ಷರ ಬಾಯಿಂದ ಬಿದ್ದುಹೋದರೂ ಕಾಗದದ ಮೇಲೆ ಉಳಿಯಿತು. ತಾನು ಮೌನವಾಗಿದ್ದು ಹಿಂದಿನ ಸ್ವರದ ಗುಣ ತಿಳಿಸುವ ಕೆಲಸ ಅದಕ್ಕೆ ಬಂತು. ಲಂಡನ್ನಿನ ಶಾಲಾ ಮುಖ್ಯೋಪಾಧ್ಯಾಯ ರಿಚರ್ಡ್ ಮಲ್ಕಾಸ್ಟರ್ 1582ರಲ್ಲೇ ತನ್ನ ‘ಎಲಿಮೆಂಟರಿ’ ಗ್ರಂಥದಲ್ಲಿ ಇದನ್ನು ವಿವರಿಸಿದ. ಬಹುಕಾಲ ‘ಮ್ಯಾಜಿಕ್ ಇ’ ಎಂದು ಕರೆಯುತ್ತಿದ್ದ ಇದೇ ಅಕ್ಷರ ಈಗ ಬ್ರಿಟನ್ನಿನ ಶಾಲೆಗಳಲ್ಲಿ ‘ಸ್ಪ್ಲಿಟ್ ಡೈಗ್ರಾಫ್’ನ, ಅಂದರೆ ನಡುವೆ ವ್ಯಂಜನ ಬಂದು ಬೇರಾದ ಜೋಡಿ ಅಕ್ಷರದ, ಒಂದು ತುಂಡು. ‘ಹ್ಯಾವ್’, ‘ಗಿವ್’, ‘ಲವ್’ ಪದಗಳಲ್ಲಿ ಅದರ ಮ್ಯಾಜಿಕ್ ನಡೆಯುವುದಿಲ್ಲವೆಂಬುದು ಹೊಸ ಹೆಸರಿನಿಂದ ಬದಲಾಗಿಲ್ಲ.

ಮಲ್ಕಾಸ್ಟರನ ಕಾಲದ ಮಕ್ಕಳ ಕೈಯಲ್ಲಿರುತ್ತಿದ್ದದ್ದು ಹಾರ್ನ್‌ಬುಕ್: ಹಿಡಿಯಿರುವ ಮರದ ಹಲಗೆ, ಅದಕ್ಕೆ ಅಂಟಿಸಿದ ಒಂದು ಹಾಳೆ, ಮೇಲೆ ಕೊಂಬಿನ ತೆಳುವಾದ ಪಾರದರ್ಶಕ ಹೊದಿಕೆ. ಹಾಳೆಯಲ್ಲಿ ವರ್ಣಮಾಲೆ, ಒಂದು ಕ್ರೈಸ್ತ ಪ್ರಾರ್ಥನೆ, ಜೊತೆಗೆ ವ್ಯಂಜನ-ಸ್ವರ ಕೂಡಿಸಿದ ಉಚ್ಚಾರಾಂಶಗಳ ಸಾಲು. ನೋಡಲು ನಮ್ಮ ಕಾಗುಣಿತದಂತೆಯೇ. ಆದರೆ ಕಾಗುಣಿತ ಕಲಿತ ಮಗು ‘ಬಾ’ ಎಂಬುದನ್ನು ಎಲ್ಲಿ ಕಂಡರೂ ‘ಬಾ’ ಎಂದೇ ಓದುತ್ತದೆ. ಇಂಗ್ಲಿಷ್ ಮಗುವಿಗೆ ಆ ಭರವಸೆ ಇರಲಿಲ್ಲ. ಹಾಗಾಗಿ ಪ್ರತಿ ಪದವನ್ನೂ ಅಕ್ಷರದ ಹೆಸರು ಹೇಳಿ ಹೇಳಿ ಬಾಯಿಪಾಠ ಮಾಡುವುದೇ ಪದ್ಧತಿಯಾಯಿತು. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1783ರಲ್ಲಿ ತಂದ ಸ್ಪೆಲ್ಲಿಂಗ್ ಪುಸ್ತಕ ಇದೇ ದಾರಿಯದು, ನೀಲಿ ರಟ್ಟಿನ ಆ ಪುಸ್ತಕ ಕೋಟಿಗಟ್ಟಲೆ ಖರ್ಚಾಯಿತು. ಕರ್ನಾಟಕದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಮೊಳಗಿದ ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’ ಕೂಡ ಈ ವಂಶದ್ದೇ. ‘ಸಿ’, ‘ಎ’, ‘ಟಿ’ ಎಂಬ ಮೂರು ಹೆಸರುಗಳನ್ನು ಎಷ್ಟು ಬೇಗ ಕೂಡಿಸಿ ಹೇಳಿದರೂ ‘ಕ್ಯಾಟ್’ ಹುಟ್ಟುವುದಿಲ್ಲವೆಂಬುದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

ಅಮೆರಿಕದಲ್ಲಿ ಅದನ್ನು ದೊಡ್ಡದು ಮಾಡಿದವನು ಹೊರೇಸ್ ಮ್ಯಾನ್. ಮ್ಯಾಸಚೂಸೆಟ್ಸ್‌ನ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾಗಿದ್ದ ಆತ 1840ರ ದಶಕದಲ್ಲಿ ಅಕ್ಷರ ಉರುಹೊಡೆಸುವುದನ್ನು ಖಂಡಿಸಿ, ಮಗು ಇಡೀ ಪದವನ್ನೇ ಗುರುತಿಸಲಿ ಎಂದ. ಬಾಸ್ಟನ್ನಿನ ಶಿಕ್ಷಕರು ತಿರುಗಿಬಿದ್ದರು. ಆದರೂ 20ನೇ ಶತಮಾನದಲ್ಲಿ ಗೆದ್ದದ್ದು ‘ನೋಡು, ಹೇಳು’ ಪದ್ಧತಿ. ಅಮೆರಿಕದಲ್ಲಿ ಡಿಕ್ ಮತ್ತು ಜೇನ್, ಬ್ರಿಟನ್ನಿನಲ್ಲಿ ಜಾನೆಟ್ ಮತ್ತು ಜಾನ್ ಎಂಬ ಮಕ್ಕಳ ಪಾಠಮಾಲೆಗಳು ಕೆಲವೇ ಪದಗಳನ್ನು ಮತ್ತೆ ಮತ್ತೆ ಕಣ್ಣಿಗೆ ಬೀಳಿಸುತ್ತಿದ್ದವು. 1955ರಲ್ಲಿ ರುಡಾಲ್ಫ್ ಫ್ಲೆಶ್ ‘ವೈ ಜಾನಿ ಕಾಂಟ್ ರೀಡ್’ ಬರೆದು, ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನೇ ಶಾಲೆಗಳು ಕಲಿಸುತ್ತಿಲ್ಲವೆಂದು ದೂರಿದ. ಪುಸ್ತಕದ ಮಾತು ನೇರವಾಗಿ ತಂದೆ-ತಾಯಿಗಳೊಡನೆ; ಮನೆಯಲ್ಲೇ ಕಲಿಸಲು ಪದಪಟ್ಟಿಗಳೂ ಅದರಲ್ಲಿದ್ದವು.

ಬ್ರಿಟನ್ ಇದಕ್ಕಿಂತ ದಿಟ್ಟ ಪ್ರಯೋಗಕ್ಕೆ ಇಳಿಯಿತು. ಸ್ಪೆಲ್ಲಿಂಗನ್ನೇ ತಿದ್ದಬೇಕೆಂದು ಸಂಸದ ಮಾಂಟ್ ಫಾಲಿಕ್ ತಂದ ಮಸೂದೆ 1949ರಲ್ಲಿ 84–87 ಮತಗಳಿಂದ, ಕೂದಲೆಳೆಯಲ್ಲಿ, ಸೋತಿತ್ತು. 1953ರ ಮಸೂದೆ ಎರಡನೇ ವಾಚನದಲ್ಲಿ ಗೆದ್ದಿತು. ಶಾಲೆಗಳಲ್ಲಿ ಸಂಶೋಧನೆಗೆ ಅಡ್ಡಿಯಿಲ್ಲವೆಂದು ಸರ್ಕಾರ ಒಪ್ಪಿದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಒಪ್ಪಿಗೆಯ ಫಲವೇ ಸರ್ ಜೇಮ್ಸ್ ಪಿಟ್ಮನ್ ರೂಪಿಸಿದ ‘ಇನಿಷಿಯಲ್ ಟೀಚಿಂಗ್ ಆಲ್ಫಬೆಟ್’. ಶೀಘ್ರಲಿಪಿಯ ಐಸಾಕ್ ಪಿಟ್ಮನ್ ಈತನ ಅಜ್ಜ. 44 ಅಕ್ಷರಗಳ ಈ ಲಿಪಿಯಲ್ಲಿ ಧ್ವನಿಗೊಂದು ಚಿಹ್ನೆ. ಬೇರೆ ದೊಡ್ಡಕ್ಷರಗಳಿಲ್ಲ, ಸಣ್ಣಕ್ಷರವನ್ನೇ ಹಿಗ್ಗಿಸಿ ಬರೆದರಾಯಿತು. 1961ರಲ್ಲಿ ಶಾಲೆಗಳಲ್ಲಿ ಪರೀಕ್ಷೆ ಶುರುವಾಯಿತು. ಮಕ್ಕಳು ಬೇಗ ಓದಿದರು, ಧೈರ್ಯವಾಗಿ ಬರೆದರು. ದಶಕದ ನಡುವಿಗೆ ದೇಶದ ಬಹುಪಾಲು ಶಿಕ್ಷಣ ಪ್ರಾಧಿಕಾರಗಳ ವ್ಯಾಪ್ತಿಯಲ್ಲಿ ಒಂದಾದರೂ ಶಾಲೆ ಇದನ್ನು ಬಳಸುತ್ತಿತ್ತು.

ಪೇಚಾಟ ಆಮೇಲಿನದು. ಸುಮಾರು ಏಳನೇ ವಯಸ್ಸಿಗೆ ಮಗು ಮಾಮೂಲಿ ಲಿಪಿಗೆ ದಾಟಬೇಕಿತ್ತು. ಕೆಲವರು ಸಲೀಸಾಗಿ ದಾಟಿದರು, ಕೆಲವರು ಧ್ವನಿಯಂತೆ ಬರೆಯುವ ಅಭ್ಯಾಸ ಬಿಡಲಾಗದೆ ಒದ್ದಾಡಿದರು. ಮನೆಯಲ್ಲಿ ಮಗುವಿನ ಪುಸ್ತಕ ಅಪ್ಪ-ಅಮ್ಮನಿಗೇ ವಿಚಿತ್ರವಾಗಿ ಕಾಣುತ್ತಿತ್ತು. ಕುಟುಂಬ ಊರು ಬದಲಿಸಿದರೆ ಹೊಸ ಶಾಲೆಯಲ್ಲಿ ಆ ಲಿಪಿಯೇ ಇಲ್ಲದಿರಬಹುದಿತ್ತು. ಉಚ್ಚಾರವೂ ತಕರಾರಿನದೇ: ಚಿಹ್ನೆಗಳ ಹಿಂದಿದ್ದದ್ದು ದಕ್ಷಿಣದ ಶಿಷ್ಟರ ಮಾತು, ಉತ್ತರದ ಮಕ್ಕಳ ಬಾಯಲ್ಲಿ ‘ಬಾತ್’, ‘ಕಪ್’ ಪದಗಳ ಸ್ವರವೇ ಬೇರೆ. 1970ರ ದಶಕದಲ್ಲಿ ಪ್ರಯೋಗ ಸದ್ದಿಲ್ಲದೆ ಕರಗಿತು. ತಮ್ಮ ತಪ್ಪು ಸ್ಪೆಲ್ಲಿಂಗಿಗೆ ಇದನ್ನೇ ದೂರುವ ಹಿರಿಯರು ಬ್ರಿಟನ್ನಿನಲ್ಲಿ ಇಂದಿಗೂ ಇದ್ದಾರೆ.

ಕತೆ ಓದುತ್ತ ಓದುತ್ತ ಭಾಷೆ ತಾನಾಗಿ ಬರುತ್ತದೆಂಬ ‘ಹೋಲ್ ಲ್ಯಾಂಗ್ವೇಜ್’ ನಂಬಿಕೆಯ ಕಾಲವೂ ಬಂದುಹೋಯಿತು. ಓದು ಕಲಿಸುವ ಬಗೆ ಕುರಿತ 2006ರ ರೋಸ್ ವರದಿಯ ನಂತರ ಇಂಗ್ಲೆಂಡ್, ಅಕ್ಷರಗಳ ಧ್ವನಿ ಕೂಡಿಸಿ ಓದಿಸುವ ಫೋನಿಕ್ಸ್ ಕಡೆಗೆ ಗಟ್ಟಿಯಾಗಿ ವಾಲಿತು. 2012ರಿಂದ ಐದಾರು ವರ್ಷದ ಮಕ್ಕಳೆಲ್ಲ 40 ಪದಗಳನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ಅವುಗಳಲ್ಲಿ 20 ಅರ್ಥವೇ ಇಲ್ಲದ ಪದಗಳು. ಗುರುತಿಗೆ ಪಕ್ಕದಲ್ಲೊಂದು ವಿಚಿತ್ರ ಜೀವಿಯ ಚಿತ್ರ. ಮಗು ನೆನಪಿನಿಂದ ಅಲ್ಲ, ಧ್ವನಿ ಕೂಡಿಸಿಯೇ ಓದುತ್ತಿದೆಯೇ ಎಂದು ತಿಳಿಯುವ ಉಪಾಯವಿದು. ಉಪಾಯ ಜಾಣತನದ್ದೇ, ಆದರೆ ಚೆನ್ನಾಗಿ ಓದುವ ಮಗು ಸುಳ್ಳುಪದವನ್ನು ಹತ್ತಿರದ ನಿಜಪದಕ್ಕೆ ತಿದ್ದಿ ಓದಿ ಅಂಕ ಕಳೆದುಕೊಂಡರೆ ತಂದೆ-ತಾಯಿಗೆ ಸಮಾಧಾನ ಹೇಳುವುದು ಕಷ್ಟ.

ಫೋನಿಕ್ಸ್ ಈಗ ಬೆಂಗಳೂರು, ಮೈಸೂರಿನ ಖಾಸಗಿ ಶಾಲೆಗಳಲ್ಲೂ ಇದೆ. ‘ಎ ಬಿ ಸಿ ಡಿ’ ಎಂದೇ ಆರಂಭಿಸಿದ್ದ ಪೋಷಕರ ಎದುರು ಮಗು ಅಕ್ಷರದ ಹೆಸರು ಬಿಟ್ಟು ‘ಸ್’, ‘ಟ್’, ‘ಪ್’ ಎನ್ನುತ್ತದೆ. ವ್ಯಂಜನಕ್ಕೆ ಸ್ವರ ಸೇರಿಸದೆ ನುಡಿಯುವ ಈ ಕ್ರಮ ಕನ್ನಡದ ಅರೆಯಕ್ಷರ ಬಲ್ಲವರಿಗೆ ಹೊಸದಲ್ಲ. ಕಷ್ಟವಿರುವುದು ಸ್ವರಗಳಲ್ಲಿ. ಮಂಚವೆಂಬ ಅರ್ಥದ ‘ಕಾಟ್’, ಹಿಡಿದನೆಂಬ ಅರ್ಥದ ‘ಕಾಟ್’ ಎರಡನ್ನೂ ಕನ್ನಡಿಗರು ಬರೆಯುವುದು ಒಂದೇ ರೀತಿ, ಅನೇಕರು ನುಡಿಯುವುದೂ ಹಾಗೆಯೇ. ಬ್ರಿಟಿಷ್ ಪಠ್ಯಕ್ರಮದಲ್ಲಿ ಅವು ಎರಡು ಬೇರೆ ಧ್ವನಿಗಳು, ಎರಡು ಬೇರೆ ಪಾಠಗಳು.