ಉಡಿ

ಉಡಿ (ನಾಮಪದ): ಸೀರೆಯ ಸೆರಗನ್ನು ಸೊಂಟದ ಮುಂದೆ ಒಡ್ಡಿ ಹಿಡಿದಾಗ ಆಗುವ ಜಾಗ, ಮಡಿಲು. ‘ಉಡು’ ಧಾತುವಿನಿಂದ ಬಂದ ಅಚ್ಚಗನ್ನಡ ಪದ. ಉಡುಗೆ, ಉಡಿದಾರ ಇದರ ಒಡಹುಟ್ಟುಗಳು. ಹಳೇ ಮೈಸೂರಿನವರು ಮಡಿಲಕ್ಕಿ ಕೊಟ್ಟರೆ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರು ‘ಉಡಿ ತುಂಬುತ್ತಾರೆ’: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ.

ಉಡಿ ಮನೆಮಗಳಿಗಷ್ಟೇ ಅಲ್ಲ. ಹೇಮಗುಡ್ಡದ ದುರ್ಗೆಯಂಥ ದೇವಿಯರಿಗೂ, ಸೀಗಿ ಹುಣ್ಣಿಮೆಯಲ್ಲಿ ಬಸುರಿಯೆಂದು ಪೂಜೆಗೊಳ್ಳುವ ಹೊಲಕ್ಕೂ, ತುಂಬಿದ ಕೆರೆಗೂ ಉಂಟು. ಹೆಣ್ಣು, ನೆಲ, ನೀರು ಮೂರನ್ನೂ ಈ ಪದ ಫಲದ ಲೆಕ್ಕದಲ್ಲಿ ನೋಡುತ್ತದೆ. ಗೌರವವೂ ಅಲ್ಲೇ, ಹೊರಗಿಡುವಿಕೆಯೂ ಅಲ್ಲೇ. ವಿಧವೆಗೆ ಸಂಪ್ರದಾಯ ಉಡಿ ತುಂಬಲಿಲ್ಲ. ಹೆರದವಳಿಗೆ ‘ಬಂಜೆ’ ಎಂಬ ಹೆಸರಿಟ್ಟಿತು. ಇದು ಸಂಸ್ಕೃತದ ‘ವಂಧ್ಯಾ’ದ ತದ್ಭವ.

ನಮ್ಮ ಕಥನಗಳು ಈ ಲೆಕ್ಕವನ್ನು ಬಯಲಿಗೆಳೆದಿವೆ. ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ನೀರು ಬೀಳದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲು ಮನೆಯ ಹಿರಿಯರು ಒಪ್ಪುತ್ತಾರೆ, ಅವಳನ್ನು ಯಾರೂ ಕೇಳುವುದಿಲ್ಲ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ತೆರೆಗೆ ತಂದ ಕನ್ನಡ ಜನಪದ ಕತೆಯಲ್ಲಿ, ಹೂಮರವಾಗಬಲ್ಲ ಹುಡುಗಿಯ ಕೊಂಬೆಗಳನ್ನು ಇತರರು ಮುರಿಯುತ್ತಾರೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯಲ್ಲಂತೂ, ಮಂಗಳಕಾರ್ಯಗಳಿಂದ ದೂರವಿರಬೇಕಾದ ಬಾಲವಿಧವೆಯೇ ಹೆರಿಗೆಗೆ ನೆರವಾಗುತ್ತಾಳೆ.

ಇಂದಿನ ಬಳಕೆ: ಉತ್ತರ ಕರ್ನಾಟಕದ ಕೆಲವೆಡೆ ವಿಧವೆಯರಿಗೂ ಉಡಿ ತುಂಬುವ ಸಮಾರಂಭಗಳು ನಡೆಯುತ್ತಿವೆ. ಪದ ಹಳೆಯದೇ, ಅದಕ್ಕೆ ಅರ್ಹರು ಯಾರೆಂಬ ಪಟ್ಟಿ ಬದಲಾಗುತ್ತಿದೆ.