ಉರಿದುಹೋಗುವ ಮದ್ದುಗುಂಡಿನ ಕೇಸ್: ಹತ್ತಿಯ ಕೆಲಸವೇನು, ರಾಳದ ಕೆಲಸವೇನು?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆ ಹೊಲಗಳಲ್ಲಿ ತೊಗರಿಯ ಜೊತೆಗೆ ಹತ್ತಿಯೂ ಬೆಳೆಯುತ್ತದೆ. ಇಂಥದ್ದೇ ಹತ್ತಿಯ ನಾರಿನಿಂದ ಟ್ಯಾಂಕಿನ ಮದ್ದುಗುಂಡಿನ ಕೇಸ್ ತಯಾರಿಸಬಹುದು ಎಂದರೆ ನಂಬುವಿರಾ? ಹಾಗಾದರೆ ಮನೆಯ ಗಾದಿಯಲ್ಲಿರುವ ಹತ್ತಿಯೂ ಸಿಡಿದೀತೇ? ಇಲ್ಲ. ಏಕೆಂದು ನೋಡೋಣ.

ಕೇಸ್ ಏಕೆ ಉರಿಯಬೇಕು?

ಗುಂಡನ್ನು ಮುಂದಕ್ಕೆ ತಳ್ಳುವ ಮದ್ದನ್ನು ತುಂಬಿಡುವ ಕೊಳವೆಯೇ ಕೇಸ್. ಬಂದೂಕಿನಲ್ಲಿ ಇದು ಸಾಮಾನ್ಯವಾಗಿ ಹಿತ್ತಾಳೆಯದು. ಗುಂಡು ಹಾರಿದ ಮೇಲೆ ಹೊರಗೆ ಬೀಳುತ್ತದೆ. ಇಕ್ಕಟ್ಟಾದ ಟ್ಯಾಂಕಿನೊಳಗೆ ದೊಡ್ಡ, ಬಿಸಿ ಕೇಸ್‌ಗಳು ಬೀಳುತ್ತಿದ್ದರೆ ಸೈನಿಕರಿಗೆ ಅಪಾಯ. ಆದ್ದರಿಂದ ಮದ್ದಿನ ಜೊತೆಗೇ ಉರಿದುಹೋಗುವ ಕೇಸ್‌ಗಳು ಬಂದವು. ಅರ್ಜುನ್ ಟ್ಯಾಂಕಿನ 120 ಮಿ.ಮೀ. ತೋಪಿನಲ್ಲಿ ಇಂಥವು ಬಳಕೆಯಲ್ಲಿವೆ. ಡಿಆರ್‌ಡಿಒದ ಪುಣೆಯ ಹೈ ಎನರ್ಜಿ ಮೆಟೀರಿಯಲ್ಸ್ ರಿಸರ್ಚ್ ಲ್ಯಾಬೊರೇಟರಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೆ. ಇಂಥ ಹಲವು ಕೇಸ್‌ಗಳಲ್ಲಿ ಲೋಹದ ಬುಡ ಮಾತ್ರ ಉಳಿಯುತ್ತದೆ. ಅನಿಲ ಹಿಂದಕ್ಕೆ ಸೋರದಂತೆ ಅದು ತಡೆಯುತ್ತದೆ.

ನಾರು ಬೇರೆ, ಅಂಟು ಬೇರೆ

ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. 1846ರಲ್ಲಿ ಕ್ರಿಸ್ಟಿಯನ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಇದನ್ನು ಆಮ್ಲಗಳಿಂದ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಎಂಬ ಬೇರೆಯೇ ವಸ್ತು ಸಿಗುತ್ತದೆಂದು ಪ್ರಕಟಿಸಿದರು. ಭರ್‍ರನೆ ಉರಿಯುವುದು ಇದು. ಗಾದಿಯ ಹತ್ತಿಗೆ ಬೆಂಕಿ ತಗುಲಿದರೆ ಉರಿದೀತು, ಸಿಡಿಯದು.

ಆದರೆ ಬರೀ ನಾರಿಗೆ ಆಕಾರ ನಿಲ್ಲುವುದಿಲ್ಲ. ಸಗಣಿಗೆ ಹೊಟ್ಟು ಕಲಸಿ ಕುಳ್ಳು ತಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹೊಟ್ಟನ್ನು ಸಗಣಿ ಹಿಡಿದಿಡುವಂತೆ, ಕೇಸಿನ ನಾರುಗಳನ್ನು ಪಾಲಿಮರ್ ರಾಳ, ಅಂದರೆ ರೆಸಿನ್, ಹಿಡಿದಿಡುತ್ತದೆ. ಪಾಲಿವಿನೈಲ್ ಅಸಿಟೇಟ್ ಇಂಥದ್ದೊಂದು ರಾಳ. ಬಡಗಿಗಳ ಬಿಳಿ ಅಂಟಿನಲ್ಲಿ ಇರುವುದೂ ಇದೇ. ಅದು ಸ್ಫೋಟಕವಲ್ಲ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಕುಳ್ಳು ಉರಿದ ಮೇಲೆ ಬೂದಿ ಉಳಿದರೆ ತೊಂದರೆಯಿಲ್ಲ. ತೋಪಿನಲ್ಲಿ ಹಾಗಲ್ಲ. ರಾಳ ಹೆಚ್ಚಾದರೆ ಕೇಸ್ ಗಟ್ಟಿಯಾಗುತ್ತದೆ, ಆದರೆ ಪೂರ್ತಿ ಉರಿಯದೆ ಚೂರುಗಳು ಉಳಿಯಬಹುದು. ಕೆಂಡದಂತಿರುವ ಆ ಚೂರು ಮುಂದಿನ ಸುತ್ತಿನ ಮದ್ದಿಗೆ ತಗುಲಿದರೆ ಒಳಗಿರುವವರ ಜೀವಕ್ಕೇ ಸಂಚಕಾರ. ರಾಳ ಕಡಿಮೆಯಾದರೆ ಸಾಗಿಸುವಾಗಲೇ ಕೇಸ್ ಬಿರುಕು ಬಿಡಬಹುದು. ತೇವ ಹೀರಿಕೊಂಡರೂ ಅದು ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ರಾಳದ ಆಯ್ಕೆ ಮತ್ತು ಪ್ರಮಾಣ ಎರಡನ್ನೂ ಎಚ್ಚರದಿಂದ ಪರೀಕ್ಷಿಸಿ ನಿರ್ಧರಿಸುತ್ತಾರೆ.

ನೆನಪಿಡಿ

ಲೋಹದ್ದಲ್ಲ, ರಟ್ಟಿನಂತೆ ಕಾಣುತ್ತದೆ ಎಂದ ಮಾತ್ರಕ್ಕೆ ಮದ್ದುಗುಂಡಿನ ಕೇಸ್ ನಿರುಪದ್ರವಿಯಲ್ಲ. ಅದರ ಗೋಡೆಯೇ ಉರಿಯುವ ವಸ್ತು. ಹಳೆಯದಾದಷ್ಟೂ ನೈಟ್ರೋಸೆಲ್ಯುಲೋಸ್ ಕೆಡುತ್ತಾ ಹೋಗುತ್ತದೆ. ಮದ್ದುಗುಂಡಿನಂಥ ವಸ್ತು ಎಲ್ಲೇ ಕಂಡರೂ ಮುಟ್ಟಬೇಡಿ, ದೂರ ಸರಿದು 112ಕ್ಕೆ ಕರೆ ಮಾಡಿ.